ಪಡಿಯಚ್ಚು

ಟರ್ಕಿ ಅಂದರೆ ಆಗ ನಮಗೆ ಟವೆಲ್ಲು.
ಅದಕ್ಕೇ ಅಮಲ್ದಾರರ ಜವಾನ ಬಂದು
ಟರ್ಕಿಯ ರಾಯಭಾರಿ ಹಳೇಬೀಡಿಗೆ ಬರ್ತಾರೆ,
ಪಡಿಯಚ್ಚಿನ ಲಿಂಗಾಚಾರಿ ಒಗೆದ ಅಂಗಿ ತೊಟ್ಟು ನಿಂತಿರಬೇಕಂತೆ
ಅಂದಾಗ ನಕ್ಕುಬಿಟ್ಟೆ.

ಐವತ್ತೆರಡನೇ ಇಸವಿ, ಮಾಗಿ.
ಕೆರೆಯ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ.
ಕಪ್ಪು ಕಾರಿನ ಮೂತಿಗೆ ಕೆಂಪು ಬಾವುಟ,
ಬಿದಿಗೆ ಚಂದ್ರ, ಒಂಟಿ ಚುಕ್ಕಿ.
ಇಳಿದವರು ಕುಳ್ಳು, ಬಲಗಾಲು ಎಳೆಯುವ ನಡಿಗೆ,
ತಲೆ ಮೇಲೆ ಬೂದು ಹ್ಯಾಟು.
ಕುಚ್ಚಿನ ಕೆಂಪು ಟೋಪಿ ಕಾಣಲೆಂದು ಕಾದಿದ್ದ ಹುಡುಗರು
ಸಪ್ಪೆ ಮುಖ ಮಾಡಿ ನಂದಿಯ ಹಿಂದೆ ಸರಿದರು.

ಅಮಲ್ದಾರರ ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ.
ಸೆರ್ವೆತ್ ತಾಶ್‌ದೆಲೆನ್. ಹುಟ್ಟಿದ್ದು ಸಲೋನಿಕ.
ಸುಲ್ತಾನರ ಕಚೇರಿಯಲ್ಲಿ ತರ್ಜುಮೆ ಗುಮಾಸ್ತ.
ಆಮೇಲೆ ಅಂಗೋರಾ, ಕುದುರೆ ಮೇಲೆ, ಹದಿನಾರು ದಿನ.
ಸಂಧಾನಸಭೆಯ ಕಾರ್ಯದರ್ಶಿ. ಶಾಸನಸಭೆ. ಮಂತ್ರಿಗಿರಿ ಎರಡು ವರ್ಷ.
ಮೂರು ರಾಜಧಾನಿಗಳಲ್ಲಿ ರಾಯಭಾರಿ, ದೆಹಲಿ ನಾಲ್ಕನೆಯದು,
ಕಡೆಯದು.
ಅಮಲ್ದಾರರು ಸಾಮಾನಿನ ಪಟ್ಟಿಯಂತೆ ಗಟ್ಟಿಯಾಗಿ ಓದಿದರು.
ಅವರು ಅಷ್ಟೂ ಹೊತ್ತು
ಭಿತ್ತಿಯ ಒಂದು ಆನೆಯ ಸೊಂಡಿಲನ್ನೇ ನೋಡುತ್ತಿದ್ದರು.

ಮಿಷನ್ ಸ್ಕೂಲಿನ ಜಯಶೀಲಪ್ಪ ಮಾಸ್ತರು ದುಭಾಷಿ.
ಅವರ ಬಾಯಿಂದ ಗೊತ್ತಾಯಿತು:
ಎಲ್ಲರಿಗೂ ಅಡ್ಡಹೆಸರು ಇರಲೇಬೇಕೆಂದು ಅಲ್ಲಿ ಕಾನೂನು ಬಂತಂತೆ,
ನಲವತ್ತೆಂಟನೇ ವಯಸ್ಸಲ್ಲಿ ಇವರು ಆರಿಸಿಕೊಂಡದ್ದು
ಕಲ್ಲು ಕೊರೆಯುವವನು.
ಸ್ವಾಮಿ, ಅದು ನಮ್ಮ ಕುಲದ ಕಸುಬಲ್ಲವಾ ಅಂದೆ.
ಮಾಸ್ತರು ಅದನ್ನು ಹೇಗೆ ತಿರುಗಿಸಿದರೋ,
ರಾಯಭಾರಿ ನನ್ನ ಕೈ ಹಿಡಿದು, ಮಗುಚಿ,
ಹೆಬ್ಬೆರಳ ಜಡ್ಡು ಒತ್ತಿ ನೋಡಿದರು.

ವಿಗ್ರಹವೊಂದರ ಪೀಠದಡಿ ಶಿಲ್ಪಿಯ ರುಜು ತೋರಿಸಿದೆ.
ಹೆಸರು ಸವೆದುಹೋಗಿದೆ,
ಉಳಿದದ್ದು ಬಾಲ ಮಾತ್ರ: ಓಜ ಮಾಡಿದಂ.
'ನೀವು ಓದಬಲ್ಲಿರಾ?'
ಕೆಲವು ಅಕ್ಷರ ಗುರುತು ಸಿಗುತ್ತೆ, ಕೆಲವು ಇಲ್ಲ,
ಏಳೆಂಟು ನೂರು ವರ್ಷ ಆಯಿತಲ್ಲ ಬುದ್ಧಿ.

ಅವರು ಹ್ಯಾಟು ತೆಗೆದರು. ಬೋಳುತಲೆ, ಚಳಿ.
ನಿಧಾನ ಏನೋ ಹೇಳಿದರು.
ಮಾಸ್ತರು ತಕ್ಷಣ ಕನ್ನಡಿಸಲಿಲ್ಲ,
ಕನ್ನಡಕ ಒರೆಸಿಕೊಂಡರು.
'ನಮಗೆ ಮೂರು ತಿಂಗಳು ಸಾಕಾಯಿತು, ಅಂತಾರೆ.
ಲಿಪಿ ಬದಲಿಸುವ ಸಮಿತಿಯಲ್ಲಿ ಇವರೂ ಇದ್ದರಂತೆ.
ಸರಿಯಾದ ಕೆಲಸವೇ, ಈಗಲೂ ಅದೇ ಮಾತು ಅಂತಾರೆ.
ಹೆಂಡತಿಗೆ ಇವರು ಬರೆದ ಕಾಗದ ಒಂದು ಟ್ರಂಕು ತುಂಬ ಇವೆಯಂತೆ,
ಆಕೆ ಈಗಿಲ್ಲ.
ಮಗಳಿಗೆ ಓದಲು ಬರೋದಿಲ್ಲ.'

ನನಗೇನು ತಿಳಿಯುತ್ತೆ?
ಗೊತ್ತಿದ್ದ ಕೆಲಸಕ್ಕೆ ಕೂತೆ.
ಬ್ರಷ್ಷಿನಿಂದ ಕಲ್ಲು ತಿಕ್ಕಿದೆ, ನೀರು ಚಿಮುಕಿಸಿದೆ,
ಒದ್ದೆ ಹಾಳೆ ಹಾಸಿ ಗುಳಿಗುಳಿಗೂ ಇಳಿಯುವಂತೆ ಬಡಿದೆ,
ಮಸಿಗುಂಡು ತಟ್ಟಿದೆ.
ಅಕ್ಷರ ಬಿಳಿಯಾಗಿ ಉಳಿದು, ಸುತ್ತ ಕತ್ತಲಾಯಿತು.
ಮಸಿಯಾಗುತ್ತೆ ಬುದ್ಧಿ ಅಂದರೂ ಕೇಳದೆ
ರಾಯಭಾರಿ ಪಕ್ಕದಲ್ಲೇ ಮಂಡಿಯೂರಿದ್ದರು.

ಬಂಗಲೆಯಲ್ಲಿ ಭೇಟಿಪುಸ್ತಕ ಇಟ್ಟರು.
ಅವರ ಪೆನ್ನು ಮೊದಲು ಹಾಳೆಯ ಬಲ ಅಂಚಿಗೆ ಹೋಯಿತು,
ಊರಿ ನಿಂತಿತು.
ಆಮೇಲೆ ಎದ್ದು, ಅಷ್ಟಗಲ ಬಿಳಿ ದಾಟಿ,
ಎಡಗಡೆಯಿಂದ ಶುರುವಾಯಿತು.
ಬಲ ಅಂಚಿನಲ್ಲಿ ಒಂದು ಚುಕ್ಕಿ ಉಳಿದದ್ದು
ನಾನು ಕಂಡೆ, ಅಡಿಗೆಯ ಬಸಪ್ಪಾಜಿ ಕಂಡ,
ಅಮಲ್ದಾರರು ಕಾಣಲಿಲ್ಲ.

ಒಣಗದ ಪಡಿಯಚ್ಚನ್ನು ತೊಡೆಮೇಲೆ ಹರಡಿಕೊಂಡೇ
ಕಾರಿನಲ್ಲಿ ಕೂತರು, ಬೆಲೆಬಾಳುವ ಪ್ಯಾಂಟು.

ತಿಂಗಳ ಕಡೆಗೆ ಇಲಾಖೆಯಿಂದ ತಾಕೀತು:
ಹಾಳೆ ಒಂದು ಕಮ್ಮಿ, ಕಾರಣ ಬರೆಯಿರಿ.
ಷರಾ ಕಲಮಿನಲ್ಲಿ ನನ್ನ ಸೊಟ್ಟ ಕನ್ನಡದಲ್ಲಿ ಬರೆದೆ:
'ಕಲ್ಲು ಕೊರೆಯುವವರಿಗೆ.'
ಎರಡಾಣೆ ಮುರಿದುಕೊಂಡರು.